ಎಡಕ್ಕೆ ಎಳೆಯುವ ಗಾಡಿ

ದೃಷ್ಟಿಯಾಗಬಾರದೆಂದು ಒಡೆದ ಬೂದುಗುಂಬಳಕಾಯಿಯ ಮೇಲೆಯೇ ಜಾರಿ ಬಿದ್ದವರು ಬೆಂಗಳೂರಿನಲ್ಲಿ ನಾವೇ ಮೊದಲಿಗರೇನಲ್ಲ. ಆಯುಧಪೂಜೆಯ ಮಾರನೆಯ ದಿನ ಯಾವ ಮೂಳೆ ಡಾಕ್ಟರನ್ನು ಬೇಕಾದರೂ ಕೇಳಿ ನೋಡಿ. ಆದರೆ ಕಾಯಿ ಒಡೆದ ಐದೇ ನಿಮಿಷದಲ್ಲಿ, ಒಡೆದವರನ್ನೇ ಹಿಂದೆ ಕೂರಿಸಿಕೊಂಡು, ಅದೇ ಕಾಯಿಯ ಮೇಲೆ ಬಿದ್ದ ಕೀರ್ತಿ ಮಾತ್ರ ನಮ್ಮ ಮನೆಗೇ ಸಲ್ಲಬೇಕು.

ಹಿಂದೆ ಕೂತಿದ್ದವರು ನಮ್ಮ ಅತ್ತೆ. ಎಪ್ಪತ್ತೆರಡು ವರ್ಷ, ಸ್ವಲ್ಪ ಸಕ್ಕರೆ ಕಾಯಿಲೆ, ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಇಲ್ಲ. ಓಡಿಸುತ್ತಿದ್ದವಳು ನಾನು, ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಗಾಡಿ ತೀರಿಹೋದ ನಮ್ಮ ಮಾವನದು. ಹಳೆಯ ಟೂ-ಸ್ಟ್ರೋಕ್ ಮೋಟಾರ್‌ಸೈಕಲ್. ಅದನ್ನು ಸ್ಟಾರ್ಟ್ ಮಾಡಿದರೆ ಬಸವೇಶ್ವರನಗರದ ನಮ್ಮ ಅಡ್ಡರಸ್ತೆಗೆಲ್ಲ ಸೊಳ್ಳೆಗೆ ಹೊಗೆ ಹಾಕಿದಂತಾಗುತ್ತದೆ. ಯಾರೂ ನಮಗೆ ಥ್ಯಾಂಕ್ಸ್ ಹೇಳಿಲ್ಲ.

ಆಯುಧಪೂಜೆ ನಮ್ಮ ಮನೆಯಲ್ಲಿ ಅತ್ತೆಯ ಇಲಾಖೆ. ನನ್ನ ಗಂಡ ತಮ್ಮ ಕಾರಿಗೆ ಒಂದು ಮಾರು ಹೂವು ಸುತ್ತಿ ಫೋಟೊ ತೆಗೆದರೆ ಅವರ ಭಕ್ತಿ ಅಲ್ಲಿಗೆ ಮುಗಿಯಿತು. ಅತ್ತೆ ಹಾಗಲ್ಲ. ಮೋಟಾರ್‌ಸೈಕಲ್ಲಿಗೆ ಎಣ್ಣೆ ಒತ್ತಿ ಸೀಗೆಕಾಯಿ ಹಾಕುವುದೊಂದು ಬಾಕಿ, ಉಳಿದದ್ದೆಲ್ಲ ಮಾಡುತ್ತಾರೆ. ಹ್ಯಾಂಡಲಿಗೆ ಬಾಳೆಕಂದು, ಹೆಡ್‌ಲೈಟಿಗೆ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು. ಗಂಡ ಇಲ್ಲದವರು ಇದನ್ನೆಲ್ಲ ಮಾಡಬಾರದು ಎಂದು ಎದುರು ಮನೆಯ ಆಂಟಿ ಒಂದು ವರ್ಷ ಮೆಲ್ಲಗೆ ಸೂಚಿಸಿ ನೋಡಿದ್ದರು. "ಗಾಡಿ ಗಂಡಂದಲ್ಲ, ಈಗ ಸೊಸೇದು" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದ್ದರು.

ಆ ಸಲವೂ ಹಾಗೆಯೇ ಆಯಿತು. ಕುಂಬಳಕಾಯಿಯನ್ನು ಕೊಯ್ದು, ಕುಂಕುಮ ತುಂಬಿ, ಗಾಡಿಗೆ ಮೂರು ಸಲ ಇಳಿತೆಗೆದು, ರಸ್ತೆಯ ನಟ್ಟನಡುವೆ ಅತ್ತೆ ಎತ್ತಿ ಕುಕ್ಕಿದರು. ನಾಲ್ಕು ಮನೆಯ ದೃಷ್ಟಿ ಒಟ್ಟಿಗೆ ಹೋಗುವ ಹಾಗೆ ಅದು ಚೂರಾಯಿತು. ಪೂಜೆಯಾದ ಮೇಲೆ ಗಾಡಿಯಲ್ಲಿ ಒಂದು ರೌಂಡ್ ಹೋಗಿಬರಬೇಕು ಎನ್ನುವುದು ಪದ್ಧತಿ. ಒಡೆದ ಕಾಯಿಯ ಹೋಳುಗಳನ್ನು ಮೊದಲು ಬದಿಗೆ ಸರಿಸಬೇಕು ಎನ್ನುವುದನ್ನು ಮಾತ್ರ ಯಾವ ಶಾಸ್ತ್ರದವರೂ ಬರೆದಿಟ್ಟಿಲ್ಲ.

ಕಿಕ್ ಹೊಡೆದೆ. ಅತ್ತೆ ಒಂದು ಬದಿಗೆ ಕಾಲು ಹಾಕಿ ಕೂತು ಸೆರಗು ಸಿಕ್ಕಿಸಿಕೊಂಡರು. ನಿಂಬೆಹಣ್ಣು ಪಚಕ್ ಎಂದಿತು. ಗೇಟು ದಾಟಿ ಹತ್ತು ಅಡಿ ಹೋಗಿರಬೇಕು, ಮುಂದಿನ ಚಕ್ರ ಕುಂಬಳಕಾಯಿಯ ತಿರುಳಿನ ಮೇಲೆ ಹತ್ತಿತು. ಗಾಬರಿಯಲ್ಲಿ ನಾನು ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ತಿರುವಿದೆ. ಗಾಡಿ ಬುಸ್ಸೆಂದು ಹಾರಿ ಎದುರು ಮನೆಯ ಗೇಟಿನ ಕಲ್ಲುಕಂಬಕ್ಕೆ ನೇರವಾಗಿ ಗುದ್ದಿ, ಆಮೇಲೆ ನಿಧಾನವಾಗಿ ಎಡಕ್ಕೆ ಒರಗಿತು. ನನ್ನ ಮೊಣಕಾಲು ತರಚಿತು. ಅತ್ತೆಗೆ ಮೊಣಕೈ ಹತ್ತಿರ ಒಂದು ಗೀರು. ಮುಂದಿನ ಚಕ್ರ ಹಿಡಿದಿರುವ ಗಾಡಿಯ ಎರಡೂ ಕಾಲು ಹಿಂದಕ್ಕೆ ಮಡಚಿಕೊಂಡು ಚಕ್ರ ಇಂಜಿನ್ನಿಗೆ ಮುತ್ತು ಕೊಡುತ್ತಿತ್ತು.

ಜನ ಓಡಿಬಂದರು. ಹೋಳುಗಳನ್ನು ಯಾರು ತೆಗೆಯಬೇಕಿತ್ತು ಎಂದು ನಾನಿನ್ನೂ ಕೇಳಿರಲೇ ಇಲ್ಲ, ನನ್ನ ಗಂಡ "ನಾನು ಪೊರಕೆ ತರೋಕೇ ಒಳಗ್ ಹೋಗಿದ್ದೆ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಗಾದೆಯನ್ನು ನಿಜವಾದ ಕುಂಬಳಕಾಯಿಯ ಸಮೇತ ಕಂಡದ್ದು ಅವತ್ತೇ.

ಅತ್ತೆ ಮಾತ್ರ ತಿರುಳಿನ ನಡುವೆ ಕೂತಲ್ಲೇ ಕೂತಿದ್ದರು. ಬೈಯುತ್ತಾರೆ ಎಂದು ನಾನು ಕಾದೆ. ಬೈಯಲಿಲ್ಲ.

"ನೋಡ್ದ್ಯಾ? ಎಡಕ್ಕೇ ಬಿತ್ತು" ಎಂದರು. "ನಾನ್ ಕೂತಿದ್ದಕ್ಕೇ ಕಣೇ ಬಿದ್ದಿದ್ದು."

ಆ ಮಾತಿಗೆ ಮೂವತ್ತು ವರ್ಷ ಮೀರಿದ ಇತಿಹಾಸವಿದೆ. ನನ್ನ ಗಂಡ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಮಾವ ಈ ಗಾಡಿಯನ್ನು ಫ್ಯಾಕ್ಟರಿಯ ಗೆಳೆಯರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡರಂತೆ. ತಂದ ದಿನವೇ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ರಾಜಾಜಿನಗರದ ಕಡೆ ಹೊರಟರು. ಮೊದಲ ತಿರುವಿನಲ್ಲೇ ಗಾಡಿ ಎಡಕ್ಕೆ ಎಳೆದು ಇಬ್ಬರೂ ಮೋರಿಯ ಪಕ್ಕ ಬಿದ್ದರು. ಮಾವ ಎದ್ದು ಪ್ಯಾಂಟು ಕೊಡವಿಕೊಂಡು ಅಲ್ಲೇ ತೀರ್ಪು ಕೊಟ್ಟರು: ಗಾಡಿಯದೇನೂ ತಪ್ಪಿಲ್ಲ, ಓಡಿಸಿದವನದಂತೂ ಅಲ್ಲವೇ ಅಲ್ಲ, ಹಿಂದೆ ಕೂತ ಹೆಂಗಸಿನ ಭಾರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓಡಿಸಲಾರದವನು ಹೆಂಡತಿ ಭಾರ ಅಂದ, ಅಷ್ಟೇ ವ್ಯತ್ಯಾಸ.

ಆಮೇಲೆ ಅವರು ಅತ್ತೆಯನ್ನು ಮತ್ತೆಂದೂ ಆ ಗಾಡಿಗೆ ಹತ್ತಿಸಲಿಲ್ಲ. ನೆಂಟರ ಮದುವೆಗಳಿಗೆ ಅವರು ಗಾಡಿಯಲ್ಲಿ, ಅತ್ತೆ ಎರಡು ಬಸ್ಸು ಬದಲಾಯಿಸಿಕೊಂಡು, ಉಡುಗೊರೆಯ ಪಾತ್ರೆ ಹೊತ್ತುಕೊಂಡು. ಅತ್ತೆ ತಲುಪುವಷ್ಟರಲ್ಲಿ ಮಾವನದು ಮೊದಲ ಪಂಕ್ತಿಯಲ್ಲಿ ಊಟ ಮುಗಿದಿರುತ್ತಿತ್ತು. ಯಾಕ್ರೀ ಒಬ್ಬರೇ ಬಂದಿರಿ ಎಂದು ಯಾರಾದರೂ ಕೇಳಬೇಕು, ಮಾವ ಕಾದಿದ್ದವರ ಹಾಗೆ ಹೇಳುತ್ತಿದ್ದರು: "ನಮ್ಮನೆಯವಳು ಹಿಂದೆ ಕೂತ್ರೆ ಗಾಡಿ ಎಡಕ್ಕೆ ಹೋಗುತ್ತೆ ಸ್ವಾಮಿ, ರೋಡ್ ಮಾತ್ರ ನೆಟ್ಟಗೆ ಹೋಗುತ್ತೆ!" ಛತ್ರವೆಲ್ಲ ನಗುತ್ತಿತ್ತು. ನಮ್ಮ ನೆಂಟರಲ್ಲಿ ಈ ಜೋಕು ಕೇಳದವರು ಇಲ್ಲ. ಎರಡನೇ ಸಲ, ಹತ್ತನೇ ಸಲ ಕೇಳಿದವರೂ ಮೊದಲ ಸಲದಷ್ಟೇ ಜೋರಾಗಿ ನಗುತ್ತಿದ್ದರು. ಬಿಟ್ಟಿ ಊಟಕ್ಕೆ ಬಂದವರು ಇನ್ನೇನು ಮಾಡಿಯಾರು.

ಮಾವ ಹೋದ ಮೇಲೆ ಗಾಡಿ ಒಂದು ವರ್ಷ ಟಾರ್ಪಾಲಿನ ಕೆಳಗಿತ್ತು. ನನಗೆ ಸ್ಕೂಟರ್ ಓಡಿಸಿ ಗೊತ್ತಿತ್ತು. ಗೇರಿನ ಗಾಡಿ ಕಲಿಯಬೇಕೆಂಬ ಹುಚ್ಚು ನಲವತ್ತು ದಾಟಿದ ಮೇಲೆ ಹಿಡಿಯಿತು. ಭಾನುವಾರ ಬೆಳಿಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿನ ಖಾಲಿ ರಸ್ತೆಗಳಲ್ಲಿ ಬಿದ್ದು ಎದ್ದು ಕಲಿತೆ. ಕಲಿಯುವಾಗಲೇ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸ್ಕೂಟರ್ ಹೀಗೆ ಎಳೆಯುವುದಿಲ್ಲ ನಿಜ, ಆದರೆ ಮೋಟಾರ್‌ಸೈಕಲ್ ಗಂಡಸರ ವಾಹನ, ಅದಕ್ಕೆ ಸ್ವಲ್ಪ ಹಟ ಇರುತ್ತದೆ ಎಂದುಕೊಂಡೆ. ಬಲಗೈಯಲ್ಲಿ ಜಗ್ಗಿ ಹಿಡಿದು ಓಡಿಸುವುದು ಅಭ್ಯಾಸವಾಯಿತು. ಬಲಭುಜ ನೋಯುತ್ತದೆ ಎಂದರೆ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಅದನ್ನೂ ನುಂಗಿದೆ.

ಒಂದು ಭಾನುವಾರ ಅತ್ತೆ ಕೈಯಲ್ಲಿ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ನನ್ನೂ ಕೂರಿಸ್ಕೋತೀಯಾ? ನಾನ್ ಕೂತ್ರೆ ಎಳೆಯುತ್ತೆ, ಮೊದ್ಲೇ ಹೇಳಿದೀನಿ" ಎಂದರು. ಕೂರಿಸಿಕೊಂಡೆ. ಅಲ್ಲಿಂದ ನಾಲ್ಕು ವರ್ಷ ನಮ್ಮ ಭಾನುವಾರಗಳು ಹಾಗೆಯೇ ನಡೆದವು. ಮನೆಯಲ್ಲಿ ಹೇಳುವುದು ಜ್ಞಾನಭಾರತಿಯಲ್ಲಿ ವಾಕಿಂಗ್ ಎಂದು. ವಾಕಿಂಗ್ ಇನ್ನೂರು ಹೆಜ್ಜೆ. ಉಳಿದ ಸಮಯವೆಲ್ಲ ಆರ್‌ಪಿಸಿ ಲೇಔಟಿನ ಒಂದು ಹೋಟೆಲಿನಲ್ಲಿ, ಖಾಲಿ ದೋಸೆ, ಮೇಲೆ ಒಂದು ಕೇಸರಿಬಾತ್. "ಸಕ್ಕರೆ ಇರೋದು ರಕ್ತದಲ್ಲಿ, ನಾಲಿಗೇಲಿ ಅಲ್ವಲ್ಲ" ಎನ್ನುವುದು ಅತ್ತೆಯ ವೈದ್ಯಶಾಸ್ತ್ರ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅವರು ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದರು: "ಎಳೀತಿದೆಯಾ?"

"ಇಲ್ಲ ಅತ್ತೆ."

ಎಳೆಯುತ್ತಿತ್ತು. ಒಬ್ಬಳೇ ಇದ್ದಾಗಲೂ ಎಳೆಯುತ್ತಿತ್ತು, ಅವರು ಕೂತಾಗ ಸ್ವಲ್ಪ ಹೆಚ್ಚು ಎಳೆಯುತ್ತಿತ್ತು. ಮಕ್ಕಳಿಗೆ ಸಮೀಕರಣ ಬಿಡಿಸುವುದನ್ನು ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುವ ನಾನು ಇಷ್ಟು ಸಣ್ಣ ಲೆಕ್ಕವನ್ನು ಬಿಡಿಸಲಿಲ್ಲ. ಮಾವ ಹೇಳಿದ್ದರಲ್ಲ, ಅತ್ತೆಯ ಭಾರವೇ ಇರಬೇಕು ಎಂದು ನಂಬಿಬಿಟ್ಟಿದ್ದೆ.

ಕುಂಬಳಕಾಯಿಯ ಪ್ರಕರಣವಾದ ಮುಂದಿನ ಭಾನುವಾರ ಅತ್ತೆ ಚೀಲ ಹಿಡಿಯಲಿಲ್ಲ. ವರಾಂಡದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಗಾಡಿ ಸರಿಹೋದರೂ ನಾನು ಕೂರುವುದಿಲ್ಲ ಎಂದರು. "ಅವ್ರು ಹೇಳ್ತಾನೇ ಇದ್ರು. ನಾನೇ ಕೇಳ್ಲಿಲ್ಲ. ನಿನ್ನೂ ಬೀಳಿಸ್ದೆ. ಹೆಚ್ಚುಕಮ್ಮಿ ಆಗಿದ್ರೆ ನನ್ ಮಗಂಗೆ ಏನ್ ಹೇಳ್ಬೇಕಿತ್ತು?"

ಬಿದ್ದದ್ದು ಕುಂಬಳಕಾಯಿಯಿಂದ, ನಿಮ್ಮಿಂದಲ್ಲ ಎಂದೆ. ಕುಂಬಳಕಾಯಿ ಒಡೆದದ್ದೂ ನಾನೇ ತಾನೇ ಎಂದರು. ನನಗೆ ಅಳುವೇ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಭಾನುವಾರಗಳಿಲ್ಲದೆ ಅತ್ತೆ ಆ ವರಾಂಡದಲ್ಲೇ ಬೆಳ್ಳುಳ್ಳಿ ಬಿಡಿಸುತ್ತ ಸಣ್ಣಗಾಗಿಬಿಡುತ್ತಾರೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅವರನ್ನು ಮತ್ತೆ ಆ ಸೀಟಿನ ಮೇಲೆ ಕೂರಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಮೊದಲ ರಿಪೇರಿ ನನ್ನ ಗಂಡನಿಂದ. ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಹಿಡಿದು ಹ್ಯಾಂಡಲನ್ನು ತಿರುಚಿದರೆ ಸರಿಹೋಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಸೊಟ್ಟಗಾದದ್ದು ಹ್ಯಾಂಡಲ್ ಮಾತ್ರ ಆಗಿದ್ದರೆ ಅದು ನಿಜವೂ ಇರಬಹುದು. ಹತ್ತು ನಿಮಿಷ ಗಾಡಿಯ ಜೊತೆ ಕುಸ್ತಿಯಾಡಿ, ಸೊಂಟ ಹಿಡಿದುಕೊಂಡು ಒಳಗೆ ಬಂದರು. "ಅಮ್ಮಂಗೂ ವಯಸ್ಸಾಯ್ತು ಕಣೇ. ಗುಜರಿಗೆ ಕೊಟ್ಬಿಡೋಣ" ಎಂದರು. ಅತ್ತೆ ಬೇಡವೆನ್ನಲಿಲ್ಲ. ನಾನು ಮಾರನೆಯ ದಿನವೇ ಲಗೇಜ್ ಆಟೊ ಕರೆಸಿ ಗಾಡಿಯನ್ನು ಕುರುಬರಹಳ್ಳಿಗೆ ಸಾಗಿಸಿದೆ.

ಅಲ್ಲಿ ಬಗ್ಗಿದ ಗಾಡಿಗಳ ಬೆಂಡ್ ತೆಗೆಯುವ ಮೇಸ್ತ್ರಿಯೊಬ್ಬರಿದ್ದರು. ಅರವತ್ತರ ಮೇಲಿನ ವಯಸ್ಸು, ಒಂದೇ ಶೆಟರಿನ ಅಂಗಡಿ, ಒಳಗೆ ಆಳೆತ್ತರದ ಪ್ರೆಸ್ ಮೆಷಿನ್. ಗಾಡಿ ಇಳಿಸಿದ ಕೂಡಲೇ ಕೈ ಹಾಕುವ ಜಾತಿಯವರಲ್ಲ. ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹೆಣ್ಣು ನೋಡಲು ಬಂದವರ ಹಾಗೆ ತುಂಬ ಹೊತ್ತು ನೋಡಿದರು. "ಏನಕ್ಕೆ ಹೊಡೆದ್ರಿ ಅಕ್ಕಾ?" ಎಂದರು. ಕುಂಬಳಕಾಯಿ ಎಂದೆ. ನಗಲಿಲ್ಲ. "ಈ ವಾರ ಇದು ನಾಕನೇದು" ಎಂದರು.

ಗಾಡಿ ಬಿಚ್ಚುವ ದಿನ ತಿಂಡಿಗೆ ಹೋಗೋಣ ಎಂದು ಸುಳ್ಳು ಹೇಳಿ ಅತ್ತೆಯನ್ನು ಆಟೊದಲ್ಲಿ ಕೂರಿಸಿಕೊಂಡು ಸೀದಾ ಅಲ್ಲಿಗೆ ಕರೆದೊಯ್ದೆ. ಹೊಡೆತ ಬಿದ್ದದ್ದು ಕಂಬದಿಂದ ಎಂದು ಮೇಸ್ತ್ರಿಯ ಬಾಯಲ್ಲಾದರೂ ಕೇಳಿದರೆ ನಂಬಿಯಾರು ಎಂಬುದು ನನ್ನ ಉಪಾಯ. ಅತ್ತೆ ಬೋರಲು ಹಾಕಿದ ಡಬ್ಬವೊಂದರ ಮೇಲೆ ಗಾಡಿಗೆ ಬೆನ್ನು ಮಾಡಿ ಕೂತರು.

ಮೇಸ್ತ್ರಿ ಮುಂದಿನ ಫೋರ್ಕು ಬಿಚ್ಚಿದರು. ಎರಡು ಕಾಲು, ಎರಡರ ಒಳಗೂ ಒಂದೊಂದು ಉಕ್ಕಿನ ಪೈಪು. ಕರೀ ಎಣ್ಣೆ ಸೋರಿ ಕೊಳೆತ ವಾಸನೆ ಬಂತು. ಪೈಪುಗಳನ್ನು ಒರೆಸಿ, ಕಿಟಕಿಯದೊಂದು ದಪ್ಪ ಗಾಜನ್ನು ಮೇಜಿನ ಮೇಲೆ ಹಾಸಿ, ಬಲಗಡೆಯ ಪೈಪನ್ನು ಅದರ ಮೇಲೆ ಚಪಾತಿ ಲಟ್ಟಿಸುವ ಹಾಗೆ ಉರುಳಿಸಿದರು. ನೆಟ್ಟಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಇದು ಟಕ್ ಟಕ್ ಎಂದು ಕುಂಟಿತು, ಅಡಿಯಲ್ಲಿ ಬೆರಳು ತೂರುವಷ್ಟು ಬೆಳಕು ಕಂಡಿತು. "ಇದು ನಿಮ್ ಕುಂಬಳಕಾಯಿ. ಹಿಂದಕ್ಕೆ ಬಗ್ಗಿದೆ. ಪ್ರೆಸ್ಸಲ್ಲಿ ತೆಗೀಬೋದು" ಎಂದರು.

ಎಡಗಡೆಯದನ್ನು ಉರುಳಿಸಿ ನಿಲ್ಲಿಸಿಬಿಟ್ಟರು. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿನಿಂದ ಗೀರಿ ನೋಡಿದರು.

"ಇದು ನಿಮ್ದಲ್ಲ" ಎಂದರು.

ಬೇರೆಯವರ ಪೈಪು ಹೇಗೆ ಬಂತು ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. ಅವರು ತೋರಿಸಿದರು. ಕಂಬಕ್ಕೆ ಗುದ್ದಿದ ಬಾಗು ಇದರಲ್ಲೂ ಇದೆ. ಆದರೆ ಅದರ ಕೆಳಗೆ, ಪಕ್ಕಕ್ಕೆ ಇನ್ನೊಂದು ಬಾಗಿದೆ, ಅದು ಹಳೆಯದು. ಪೈಪಿನ ಹೊಳಪು ಒಂದೇ ಬದಿಯಲ್ಲಿ ಪೂರ್ತಿ ಸವೆದು ಒಳಗಿನ ಉಕ್ಕು ಕಾಣುತ್ತಿತ್ತು. ಬಗ್ಗಿದ ಪೈಪು ದಿನವೂ ಮೇಲೆ ಕೆಳಗೆ ಆಡಿ ಒಂದೇ ಕಡೆ ಉಜ್ಜಿದರೆ ಮಾತ್ರ ಹೀಗಾಗುತ್ತದಂತೆ. ಪೈಪನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯ ಮೇಲೆ ಸುತ್ತಿಗೆಯ ಏಟಿನ ಗುರುತುಗಳಿದ್ದವು. "ಯಾರೋ ಯಾವಾಗ್ಲೋ ಚೆನ್ನಾಗಿ ಗುದ್ದಿದಾರೆ. ಸುತ್ಗೇಲಿ ಕುಟ್ಟಿ, ಮೇಲೆ ಪೇಂಟ್ ಬಳಿದು ಮಾರ್‌ಬಿಟ್ಟಿದಾರೆ. ಗಾಡಿ ಎಳೀತಿರ್ಲಿಲ್ವಾ ಅಕ್ಕಾ?"

ನಾನು ಉತ್ತರ ಕೊಡುವ ಮೊದಲೇ ಅತ್ತೆ ಡಬ್ಬದಿಂದ ಎದ್ದು ಬಂದಿದ್ದರು.

"ಎಷ್ಟ್ ಹಳೇದು ಇದು?"

"ಹಿಂಗೆ ಸವೀಬೇಕು ಅಂದ್ರೆ ಇಪ್ಪತ್ತು ವರ್ಷದ ಮೇಲೇನೇ ಅಮ್ಮಾ. ಮೂವತ್ತೂ ಇರ್ಬೋದು."

"ಹಿಂಗಿದ್ರೆ ಗಾಡಿ ಯಾವ್ ಕಡೆ ಎಳೆಯುತ್ತೆ?"

"ಎಡಕ್ಕೆ."

"ಹಿಂದೆ ಯಾರು ಕೂತ್ರೂನಾ?"

"ಯಾರೂ ಕೂರ್ದೇ ಇದ್ರೂನೂ ಅಮ್ಮಾ."

ಅತ್ತೆ ಪೈಪನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಗಾಜಿನ ಮೇಲೆ ಉರುಳಿಸಿದರು. ಟಕ್. ಟಕ್. ಇನ್ನೊಂದು ಸಲ ಉರುಳಿಸಿದರು. ಸೆರಗಿಗೆ ಎಣ್ಣೆ ಮೆತ್ತಿದ್ದನ್ನೂ ನೋಡಿಕೊಳ್ಳಲಿಲ್ಲ. ನಾಲ್ಕು ವರ್ಷ ಬಲಗೈಯಲ್ಲಿ ಜಗ್ಗುತ್ತ "ಇಲ್ಲ ಅತ್ತೆ" ಎಂದು ಸುಳ್ಳು ಹೇಳಿದವಳು ನಾನು.

ಬಲಗಡೆಯದನ್ನು ಅವತ್ತೇ ಪ್ರೆಸ್ಸಿಗೆ ಹಾಕಿದರು. ಅತ್ತೆ ಪಕ್ಕದಲ್ಲೇ ನಿಂತು ನೋಡಿದರು. ಬೆಂಕಿ ತೋರಿಸಬಾರದಂತೆ, ಕಾಯಿಸಿದರೆ ಉಕ್ಕಿನ ಗಟ್ಟಿತನ ಹೋಗುತ್ತದೆ. ತಣ್ಣಗೇ ಒತ್ತಬೇಕು. ನೆಟ್ಟಗಾಗುವಷ್ಟೇ ಒತ್ತಿದರೆ ಬಿಟ್ಟ ಕೂಡಲೇ ಮತ್ತೆ ವಾಪಸ್ ಬಗ್ಗುತ್ತದೆ, ಅದಕ್ಕೇ ಆ ಕಡೆಗೆ ಸ್ವಲ್ಪ ಹೆಚ್ಚೇ ಒತ್ತಬೇಕು. ಒತ್ತುವುದು, ಬಿಡುವುದು, ಗಾಜಿನ ಮೇಲೆ ಉರುಳಿಸುವುದು, ಮತ್ತೆ ಒತ್ತುವುದು. ಹನ್ನೊಂದು ಸಲವಾಯಿತು. ಕೊನೆಗೆ ಅದು ಗಾಜಿನ ಮೇಲೆ ಸದ್ದಿಲ್ಲದೆ ಉರುಳಿತು. ಎಡಗಡೆಯದು ಸವೆದುಹೋಗಿದೆ, ತೆಗೆದರೂ ಪ್ರಯೋಜನವಿಲ್ಲ, ಬೇರೆ ಹುಡುಕಿ ಹಾಕುತ್ತೇನೆ ಎಂದ ಮೇಸ್ತ್ರಿ, ಹಳೆಯದನ್ನು ತೆಗೆದುಕೊಂಡು ಹೋಗುತ್ತೀರಾ ಎಂದು ಕೇಳಿದರು.

"ನಂಗ್ಯಾಕೆ? ಗುಜರಿಗೆ ಹಾಕಪ್ಪ" ಎಂದರು ಅತ್ತೆ.

ವಾಪಸು ಬರುವಾಗ ಆಟೊದಲ್ಲಿ ನಾನು ಮಾವನ ಪರ ವಕಾಲತ್ತಿಗೆ ಇಳಿದೆ. ಯಾಕೆ ಇಳಿದೆನೋ ಗೊತ್ತಿಲ್ಲ, ಸತ್ತವರ ಬಗ್ಗೆ ಮರ್ಯಾದೆ ಇರಬೇಕಲ್ಲ. ಪಾಪ, ಅವರಿಗೂ ಗೊತ್ತಿರಲಿಲ್ಲವೇನೋ, ಮಾರಿದವರು ಮೋಸ ಮಾಡಿರಬೇಕು ಎಂದೆ.

ಅತ್ತೆ ಹೊರಗೆ ನೋಡುತ್ತಲೇ ಹೇಳಿದರು: "ಗೊತ್ತಿದ್ರೆ ಕಳ್ಳ. ಗೊತ್ತಿಲ್ದಿದ್ರೆ ದಡ್ಡ. ಯಾವ್ದಾದ್ರೂ ಒಂದು ಆಯ್ಕೋ, ನಂಗೆ ಎರಡೂ ಒಂದೇ."

ಆಟೊದವರು ಕನ್ನಡಿಯಲ್ಲಿ ನಮ್ಮನ್ನೊಮ್ಮೆ ನೋಡಿ ಮೀಟರಿನ ಕಡೆ ತಿರುಗಿದರು.

ಹತ್ತು ದಿನಕ್ಕೆ ಗಾಡಿ ತಯಾರಾಯಿತು. ಮೇಸ್ತ್ರಿ ಓಡಿಸಿ ತೋರಿಸಿದರು, ರಸ್ತೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎರಡೂ ಕೈ ಬಿಟ್ಟು ಬಂದರು. ನಾನೂ ಒಂದು ಸುತ್ತು ಹೋದೆ. ಬಲಗೈ ಹಳೆಯ ಚಾಳಿಯಲ್ಲಿ ಜಗ್ಗಿದ್ದಕ್ಕೆ ಗಾಡಿ ಬಲಕ್ಕೆ ನುಗ್ಗಿ ಎಳನೀರಿನ ಗಾಡಿಗೆ ಇನ್ನೇನು ಗುದ್ದಬೇಕು, ಹೇಗೋ ಉಳಿದೆ. ನೆಟ್ಟಗಿರುವುದನ್ನು ಓಡಿಸುವುದಕ್ಕೂ ಕಲಿಯಬೇಕೆಂದು ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಮೇಸ್ತ್ರಿ ಕೈ ಬಿಟ್ಟು ಬಂದದ್ದನ್ನೂ ಹೇಳಿದೆ. ಅವರು ಒಪ್ಪಲಿಲ್ಲ. "ಅವನೊಬ್ನೇ ಹೋದ್ರೆ ಏನ್ ಬಂತು? ನಾನ್ ಕೂತಾಗ ನೋಡ್ಬೇಕು" ಎಂದರು. ಹಾಗಾದರೆ ಭಾನುವಾರ ಎಂದೆ. ಒಂದೇ ಸಲ, ಎಳೆದರೆ ಆಮೇಲೆ ನನ್ನನ್ನು ಕರೆಯಬಾರದು ಎಂದು ಷರತ್ತು ಹಾಕಿದರು. ಒಪ್ಪಿಕೊಂಡೆ. ಒಳಗೊಳಗೇ ಹೆದರಿಕೆಯಿತ್ತು. ಮೇಸ್ತ್ರಿಯ ಲೆಕ್ಕ ತಪ್ಪಾಗಿದ್ದರೆ, ಅತ್ತೆ ಕೂತಾಗ ಗಾಡಿ ಒಂದು ಗೇಣಾದರೂ ಎಡಕ್ಕೆ ಹೋದರೆ, ಮಾವನ ಜೋಕು ಶಾಶ್ವತವಾಗಿ ಗೆದ್ದ ಹಾಗೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಜ್ಞಾನಭಾರತಿಯ ರಸ್ತೆಯಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಎರಡೂ ಕಡೆ ಮರ, ನಡುವೆ ನೆಟ್ಟನೆಯ ರಸ್ತೆ. ಅತ್ತೆ ಹೆಲ್ಮೆಟ್ ಹಾಕಿ, ಯಾವಾಗಿನ ಹಾಗೆ ಎಡಗಡೆಗೆ ಕಾಲು ಇಳಿಬಿಟ್ಟು, ತಮ್ಮ ಭಾರವನ್ನೆಲ್ಲ ಬೇಕೆಂದೇ ಎಡಕ್ಕೆ ಹಾಕಿ ಕೂತಿದ್ದರು. ನನಗೆ ಗೊತ್ತಾಗುತ್ತಿತ್ತು. ಪರೀಕ್ಷೆಯೆಂದರೆ ಪರೀಕ್ಷೆ. ನಲವತ್ತರ ಸ್ಪೀಡಿಗೆ ತಂದು ಆಕ್ಸಿಲರೇಟರ್ ಬಿಟ್ಟೆ. ಆಮೇಲೆ ಹ್ಯಾಂಡಲನ್ನೂ ಬಿಟ್ಟೆ.

"ಬಿಟ್ಯಾ?"

"ಬಿಟ್ಟೆ ಅತ್ತೆ."

"ಎರಡೂ ಕೈನಾ?"

ಅವರಿಗೆ ಕಾಣಲೆಂದು ಎರಡೂ ಕೈಗಳನ್ನು ಹೆಲ್ಮೆಟ್ಟಿನ ಎತ್ತರಕ್ಕೆ ಎತ್ತಿದೆ. ಗಾಡಿ ಹೋಗುತ್ತಿತ್ತು. ರಸ್ತೆ ಹೇಗಿತ್ತೋ ಹಾಗೆ, ನೆಟ್ಟಗೆ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತ ಒಂಬತ್ತರವರೆಗೆ ಬಂದಿದ್ದೆ. ಅತ್ತೆಯ ಕೈ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿಯಿತು.

"ಮದುವೆ ಮನೇಲೆಲ್ಲ" ಎಂದರು, ತುಂಬ ಸಣ್ಣ ದನಿಯಲ್ಲಿ, "ಅವ್ರು ಹೇಳ್ದಾಗೆಲ್ಲ ಎಲ್ಲರ ಜೊತೆ ನಾನೂ ನಗ್ತಿದ್ದೆ ಕಣೇ."

ಮದುವೆಯಾದ ಹೊಸದರಲ್ಲಿ, ನೆಂಟರ ಮನೆಯ ಛತ್ರವೊಂದರಲ್ಲಿ, ಉಡುಗೊರೆಯ ಚೀಲ ಹಿಡಿದು ಬೆವರುತ್ತ ಒಳಗೆ ಬಂದ ಇವರ ಮುಖ ನೋಡಿಕೊಂಡೇ ನಾನು ಬಾಯಿಗೆ ಸೆರಗು ಒತ್ತಿ ನಕ್ಕಿದ್ದೆ.

"ನಾನೂ ನಕ್ಕಿದೀನಿ ಅತ್ತೆ" ಎಂದೆ.

"ಗೊತ್ತು" ಎಂದರು. "ಹ್ಯಾಂಡಲ್ ಹಿಡ್ಕೋ, ಮುಂದೆ ಹಂಪ್ ಇದೆ."